ಕಂಪ್ಯೂಟರಿಗೆ ವಯಸ್ಸಾಯಿತೆಂದು ತೀರ್ಮಾನಿಸುವವರು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ, ಅಂದರೆ ಎಂದಿನ ಭದ್ರತಾ ಅಪ್‌ಡೇಟು, ನಿಂತ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದವುಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಮೊದಲನೆಯದನ್ನೇ ಬೇರೆ ಬೇರೆ ಮಾತಿನಲ್ಲಿ ಹಲವರು ಕೇಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. 2016ರಲ್ಲಿ ಕೊಂಡ ಎರಡು ಕಂಪ್ಯೂಟರುಗಳಿವೆ. ಎರಡರಲ್ಲೂ ವಿಂಡೋಸ್ 10, ನಾಲ್ಕು ಜಿಬಿ ರ‍್ಯಾಮ್. ಇವು ವಿಂಡೋಸ್ 11ಕ್ಕೆ ಅರ್ಹವಲ್ಲ ಎಂದು ಪರದೆಯ ಮೇಲೆ ಬರುತ್ತಿದೆ. ಕಂಪ್ಯೂಟರ್ ಮಾರುವವರು ಎರಡನ್ನೂ ಬದಲಾಯಿಸಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಒಂದು ಪೈಸೆಯೂ ಖರ್ಚಿಲ್ಲ ಎನ್ನುತ್ತಾನೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಅರ್ಜಿ ಬರೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಅಳತೆಯ ಫೋಟೊ, ಇಬ್ಬರು ಕೊಬ್ಬರಿ ವರ್ತಕರ ಟ್ಯಾಲಿ ಲೆಕ್ಕ ಇವು ನಮ್ಮ ಕೆಲಸ. ಯಾರ ಮಾತು ಕೇಳಲಿ?
— ಅಂಗಡಿಯ ಒಡತಿ, ತಿಪಟೂರು

ಉತ್ತರ: ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ನಿಜವಿದೆ, ಮಾರುವವರ ಮಾತಿನಲ್ಲಿ ಇನ್ನರ್ಧ. ಇಬ್ಬರೂ ನೀವು ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂದು ಕೇಳದೆ ಸಲಹೆ ಕೊಟ್ಟಂತೆ ಕಾಣುತ್ತದೆ. ನೀವೇ ಅದನ್ನು ಬರೆದು ಕಳಿಸಿರುವುದರಿಂದ ನನ್ನ ಕೆಲಸ ಹಗುರವಾಯಿತು.

ನಿಮ್ಮ ಯಂತ್ರಗಳಿಗೆ ಏನೂ ಆಗಿಲ್ಲ ಎಂಬುದನ್ನು ಮೊದಲು ತಿಳಿಯಿರಿ. ವಿಂಡೋಸ್ 11 ಕೇಳುವ ಕನಿಷ್ಠ ನಾಲ್ಕು ಜಿಬಿ ರ‍್ಯಾಮ್ ಅವುಗಳಲ್ಲಿ ಇದೆ. ಅವು ಸೋಲುವುದು ಬೇರೆ ಎರಡು ಷರತ್ತುಗಳಲ್ಲಿ: ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು, ಮತ್ತು ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್ ಪ್ರೊಸೆಸರುಗಳ ಮಟ್ಟಿಗೆ ಆ ಪಟ್ಟಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಿಂದ ಆರಂಭವಾಗುತ್ತದೆ, ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಹೀಗಾಗಿ 2016ರ ಯಂತ್ರವೊಂದು ಎಷ್ಟೇ ಸೊಗಸಾಗಿ ಓಡುತ್ತಿದ್ದರೂ ಆ ಪಟ್ಟಿಯೊಳಗೆ ಕಾಲಿಡಲಾರದು.

ವಿಂಡೋಸ್‌ನಂಥ ವಾಣಿಜ್ಯ ವ್ಯವಸ್ಥೆಗೂ ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಗೂ ಇರುವ ನಿಜವಾದ ಅಂತರ ಇಲ್ಲಿಯೇ ಕಾಣಿಸುತ್ತದೆ. ಬೆಲೆಯ ಮಾತು ಅದರ ಮುಂದೆ ಸಣ್ಣದು. ವಿಂಡೋಸ್ ಕೊಂಡೆವು ಎಂದು ನಾವು ಹೇಳುತ್ತೇವಾದರೂ ಕೊಂಡದ್ದು ಅದನ್ನು ಬಳಸುವ ಪರವಾನಗಿಯನ್ನು ಮಾತ್ರ. ಅದು ಭೋಗ್ಯಕ್ಕೆ ಹಾಕಿಕೊಂಡ ಮನೆಯಿದ್ದಂತೆ: ವಾಸಕ್ಕೆ ಅಡ್ಡಿಯಿಲ್ಲ, ಆದರೆ ಗೋಡೆ ಒಡೆದು ಕಿಟಕಿ ಇಡುವ ಹಕ್ಕು ನಮಗಿಲ್ಲ, ಮತ್ತು ಮನೆಯ ರಿಪೇರಿ ಯಾವ ವರ್ಷದವರೆಗೆ ನಡೆಯುತ್ತದೆ ಎಂಬುದನ್ನು ಮಾಲೀಕರೇ ತೀರ್ಮಾನಿಸುತ್ತಾರೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14 ಎಂದು ಅವರು ಗೊತ್ತುಮಾಡಿದ್ದರು. ಈಗ ವಿಂಡೋಸ್ 10ರ ಸರದಿ. ಮನೆಬಳಕೆಯ ಯಂತ್ರಗಳಿಗೆ ಭದ್ರತಾ ಅಪ್‌ಡೇಟುಗಳನ್ನು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಪಡೆಯುವ ಯೋಜನೆಯೊಂದನ್ನು ಕಂಪನಿ ಇಟ್ಟಿದೆ. ಉಸಿರು ತೆಗೆದುಕೊಳ್ಳಲು ಅದು ಸಾಕು, ನೆಲೆ ನಿಲ್ಲಲು ಸಾಲದು.

ಲಿನಕ್ಸ್‌ನಲ್ಲಿ ಈ ಹಕ್ಕು ಒಬ್ಬರ ಕೈಯಲ್ಲಿಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಆರಂಭಿಸಿದ ಕರ್ನಲ್, ಮರುವರ್ಷವೇ ಜಿಪಿಎಲ್ ಎಂಬ ಪರವಾನಗಿಯಡಿ ಬಂದಿತು. ಆ ಪರವಾನಗಿಯ ಪ್ರಕಾರ ಸೋರ್ಸ್ ಕೋಡನ್ನು, ಅಂದರೆ ತಂತ್ರಾಂಶದ ಮೂಲ ಬರಹವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು; ತಿದ್ದಿ ಹಂಚುವವರು ತಾವು ತಿದ್ದಿದ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಕರ್ನಲ್ ಎಂಬುದು ಯಂತ್ರದೊಡನೆ ನೇರವಾಗಿ ವ್ಯವಹರಿಸುವ ತಿರುಳು ಮಾತ್ರ. ಅದರ ಸುತ್ತ ಉಳಿದ ತಂತ್ರಾಂಶಗಳನ್ನು ಜೋಡಿಸಿ ಉಬುಂಟು, ಡೆಬಿಯನ್, ಮಿಂಟ್ ಮುಂತಾದ ಹೆಸರಿನಲ್ಲಿ ಬೇರೆ ಬೇರೆ ತಂಡಗಳು ಹೊರತರುತ್ತವೆ. ಇವುಗಳಿಗೂ ಕೊನೆಯ ದಿನಾಂಕ ಉಂಟು. ನಿಮ್ಮ ತಮ್ಮ ಅದನ್ನು ಹೇಳಿರಲಿಕ್ಕಿಲ್ಲ. ಉಬುಂಟುವಿನ ದೀರ್ಘಾವಧಿಯ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ ಮತ್ತು ಐದು ವರ್ಷ ಬಾಳುತ್ತದೆ, 24.04 ಎಂಬುದು 2029ರವರೆಗೆ ನಡೆಯುತ್ತದೆ, ಅದನ್ನು ಆಧರಿಸಿದ ಮಿಂಟ್ 22 ಕೂಡ ಹಾಗೆಯೇ. ಆದರೆ ಮುಂದಿನ ಆವೃತ್ತಿಗೆ ಹೋಗಲು ಹಣ ಕೇಳುವವರಿಲ್ಲ, ಟಿಪಿಎಂ ಚಿಪ್ಪು ಎಲ್ಲಿ ಎಂದು ಕೇಳುವವರೂ ಇಲ್ಲ, ಒಂದು ತಂಡ ಹಳೆಯ ಯಂತ್ರಗಳನ್ನು ಕೈಬಿಟ್ಟರೆ ಇನ್ನೊಂದು ತಂಡ ಎತ್ತಿಕೊಳ್ಳುವುದಕ್ಕೆ ಯಾವ ತಡೆಯೂ ಇಲ್ಲ.

ಈಗ ನಿಮ್ಮ ಕೆಲಸಗಳನ್ನು ಒಂದೊಂದಾಗಿ ನೋಡೋಣ. ಆನ್‌ಲೈನ್ ಅರ್ಜಿ ನಡೆಯುವುದು ಬ್ರೌಸರ್‌ನಲ್ಲಿ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಲಿನಕ್ಸ್‌ನಲ್ಲೂ ಅವೇ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸುವ ಕಡತಗಳನ್ನು ಇಳಿಸಿಕೊಳ್ಳಲೂ ತೊಂದರೆಯಿಲ್ಲ. ಟ್ಯಾಲಿ ಮಾತ್ರ ವಿಂಡೋಸ್‌ಗೆಂದೇ ಬರೆದ ತಂತ್ರಾಂಶ. ಅದನ್ನು ವೈನ್ ಎಂಬ ಸಾಧನದ ಮೂಲಕ ಲಿನಕ್ಸ್‌ನಲ್ಲಿ ಓಡಿಸಿದವರು ಇದ್ದಾರಾದರೂ, ಇನ್ನೊಬ್ಬರ ಲೆಕ್ಕದ ಪುಸ್ತಕವನ್ನು ಅಂಥ ಏರ್ಪಾಟಿನ ಮೇಲೆ ಇಡಬೇಡಿ ಎಂದೇ ನನ್ನ ಸಲಹೆ. ಫೋಟೊ ಕೆಲಸಕ್ಕೆ ನೀವು ಫೋಟೋಶಾಪ್ ಬಳಸುತ್ತಿದ್ದರೆ ಅದೂ ಲಿನಕ್ಸ್‌ಗೆ ಬರುವುದಿಲ್ಲ. ಜಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದು ಹಾಳೆಗೆ ಎಂಟು ಫೋಟೊ ಕೂರಿಸುವುದು ಖಂಡಿತ ಸಾಧ್ಯ, ಆದರೆ ಎಂಟು ವರ್ಷ ಒಂದೇ ಕಡೆ ಗುಂಡಿ ಒತ್ತಿ ಪಳಗಿದ ಕೈಗೆ ಮೊದಲ ವಾರ ಕಿರಿಕಿರಿ ತಪ್ಪಿದ್ದಲ್ಲ, ಹೊರಗೆ ಗಿರಾಕಿ ನಿಂತಿರುವಾಗ ಆ ಕಿರಿಕಿರಿ ಇನ್ನಷ್ಟು. ಮುದ್ರಕದ ಮಾತು ಅದರ ಮಾದರಿಯ ಮೇಲೆ ಹೋಗುತ್ತದೆ: ಎಚ್‌ಪಿ ಕಂಪನಿ ತನ್ನ ಬಹುತೇಕ ಮುದ್ರಕಗಳಿಗೆ ಲಿನಕ್ಸ್ ಡ್ರೈವರನ್ನು ತಾನೇ ಮುಕ್ತವಾಗಿ ಕೊಡುತ್ತದೆ, ಆದರೆ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕೆಲವು ಹಳೆಯ ಸಣ್ಣ ಲೇಸರ್ ಮುದ್ರಕಗಳು ಲಿನಕ್ಸ್‌ನಲ್ಲಿ ಬಹಳ ಹಟ ಮಾಡುತ್ತವೆ. ನುಡಿಯ ವಿಚಾರಕ್ಕೆ ಕೊನೆಯ ಪ್ರಶ್ನೆಯಲ್ಲಿ ಬರುತ್ತೇನೆ.

ಲಿನಕ್ಸ್ ನಿಮ್ಮ ಅಂಗಡಿಗೆ ನೇರವಾಗಿ ಲಾಭ ತರುವ ಜಾಗ ಒಂದಿದೆ, ಅದು ಪೆನ್ ಡ್ರೈವ್. ತಾಲ್ಲೂಕು ಕಚೇರಿಯ ಹತ್ತಿರದ ಅಂಗಡಿಗೆ ದಿನಕ್ಕೆ ಎಷ್ಟು ಜನರ ಪೆನ್ ಡ್ರೈವ್ ಬರುತ್ತದೆಂದು ನಿಮಗೇ ಗೊತ್ತು. ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಶಾರ್ಟ್‌ಕಟ್ಟುಗಳು ಕುಳಿತಿರುವುದನ್ನು ನೀವು ನೋಡಿರುತ್ತೀರಿ. ವಿಂಡೋಸ್‌ನಲ್ಲಿ ಆ ಬಾಣದ ಗುರುತನ್ನು ಒತ್ತಿದೊಡನೆ ವೈರಸ್ ಎದ್ದು ಮುಂದಿನ ಗಿರಾಕಿಯ ಪೆನ್ ಡ್ರೈವಿಗೆ ಹಾರುತ್ತದೆ. ಲಿನಕ್ಸ್‌ನಲ್ಲಿ ಅದೇ ಪೆನ್ ಡ್ರೈವ್ ತೆರೆದರೆ ಆ ಶಾರ್ಟ್‌ಕಟ್ಟು ಕೆಲಸಕ್ಕೆ ಬಾರದ ಒಂದು ಸಣ್ಣ ಕಡತ, ಅಷ್ಟೆ. ವಿಂಡೋಸ್‌ನಲ್ಲಿ ಮರೆಯಾಗಿದ್ದ ಗಿರಾಕಿಯ ನಿಜವಾದ ಫೋಲ್ಡರು ಅದರ ಪಕ್ಕದಲ್ಲಿಯೇ ಕಾಣಿಸುತ್ತದೆ.

ಹೀಗಾಗಿ ಎರಡು ಯಂತ್ರಗಳನ್ನು ಒಂದೇ ದಾರಿಗೆ ಹಚ್ಚುವ ಅಗತ್ಯವಿಲ್ಲ. ಒಂದನ್ನು ಬದಲಾಯಿಸಿ ವಿಂಡೋಸ್ 11ರ ಯಂತ್ರ ತಂದು ಟ್ಯಾಲಿ, ಫೋಟೊ, ಹಟ ಮಾಡುವ ಮುದ್ರಕ ಇವನ್ನು ಅದಕ್ಕೆ ಒಪ್ಪಿಸಿ. ಅದಕ್ಕೆ ಹೊರಗಿನ ಪೆನ್ ಡ್ರೈವ್ ಹಾಕಬೇಡಿ. ಇನ್ನೊಂದಕ್ಕೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿ ಗಿರಾಕಿಗಳ ಅರ್ಜಿ, ಸ್ಕ್ಯಾನ್, ಪೆನ್ ಡ್ರೈವ್ ಕೆಲಸಕ್ಕೆ ಬಿಡಿ. ಅದರ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕೊಂದನ್ನು ಹಾಕಿಸಿದರೆ, ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದ್ದಕ್ಕಿಂತ ಹೆಚ್ಚಿನ ವೇಗ ಅದರಿಂದಲೇ ಬರುತ್ತದೆ.

ಹಾಕುವ ಮುನ್ನ ಎಂಟು ಜಿಬಿಯ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಶುರು ಮಾಡಿ, ಡಿಸ್ಕಿನಲ್ಲಿ ಏನನ್ನೂ ಮುಟ್ಟದೆ ಒಂದು ದಿನ ಬಳಸಿ ನೋಡಿ. ವೈ-ಫೈ, ಸ್ಕ್ಯಾನರ್, ಮುದ್ರಕ, ಧ್ವನಿ ಎಲ್ಲವೂ ಆಗಲೇ ಪರೀಕ್ಷೆಗೆ ಒಳಪಡುತ್ತವೆ. ಅದು ಒಪ್ಪಿಗೆಯಾದರೂ ಕಡತಗಳ ಪ್ರತಿ ಬೇರೆಡೆ ತೆಗೆದಿಡುವವರೆಗೆ ಮುಂದುವರಿಯಬೇಡಿ. ಬಹಳ ವರ್ಷಗಳ ಹಿಂದೆ ಒಂದು ರಾತ್ರಿ ನಾನು ನಮ್ಮ ಮನೆಯ ಯಂತ್ರದಲ್ಲಿ ‘ಡಿಸ್ಕನ್ನು ಪೂರ್ತಿ ಅಳಿಸು’ ಎಂಬ ಸಾಲನ್ನು ಓದಿಯೂ ಮುಂದಿನ ಗುಂಡಿ ಒತ್ತಿ, ಮೂರು ವರ್ಷದ ಪ್ರಶ್ನೆಪತ್ರಿಕೆಗಳನ್ನೂ ಮಗಳ ನಾಮಕರಣದ ಫೋಟೊಗಳನ್ನೂ ಕಳೆದುಕೊಂಡೆ. ಪ್ರಶ್ನೆಪತ್ರಿಕೆಗಳನ್ನು ಮತ್ತೆ ಬರೆದೆ. ಫೋಟೊಗಳ ವಿಚಾರ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಪ್ರಶ್ನೆ: ನಮ್ಮ ಸರ್ಕಾರಿ ಪ್ರೌಢಶಾಲೆಗೆ ದಾನಿಗಳೊಬ್ಬರು ಹತ್ತು ಹಳೆಯ ಕಂಪ್ಯೂಟರ್ ಕೊಟ್ಟಿದ್ದಾರೆ. ಅವುಗಳಲ್ಲಿ ವಿಂಡೋಸ್ ಪರವಾನಗಿ ಇಲ್ಲ. ಸ್ಥಳೀಯ ರಿಪೇರಿಯವರು ಪರವಾನಗಿ ಇಲ್ಲದೆಯೂ ವಿಂಡೋಸ್ ಓಡುವಂತೆ ಕ್ರ್ಯಾಕ್ ಹಾಕಿ ಕೊಡುತ್ತೇನೆ, ಶಾಲೆಯನ್ನು ಯಾರು ಕೇಳುತ್ತಾರೆ ಎಂದರು. ಲಿನಕ್ಸ್ ಹಾಕಿಸಿದರೆ ಮಕ್ಕಳು ಹೊರಗಿನ ಜಗತ್ತಿನಲ್ಲಿ ಹಿಂದೆ ಬೀಳುತ್ತಾರೆಯೇ?
— ವಿಜ್ಞಾನ ಶಿಕ್ಷಕಿ, ಗುಬ್ಬಿ ತಾಲ್ಲೂಕು

ಉತ್ತರ: ಕೇಳುವವರು ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಧಿಯು, ಕಳ್ಳ ಪ್ರತಿ ಎಂದು ತಿಳಿದೂ ಕಂಪ್ಯೂಟರ್ ತಂತ್ರಾಂಶವನ್ನು ಬಳಸುವವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡವನ್ನೂ ಹೇಳುತ್ತದೆ. ಲಾಭಕ್ಕಾಗಿ ಬಳಸಿಲ್ಲದಿದ್ದರೆ ನ್ಯಾಯಾಲಯವು ಸೆರೆವಾಸ ವಿಧಿಸದೆ ಐವತ್ತು ಸಾವಿರದವರೆಗಿನ ದಂಡಕ್ಕೆ ಬಿಡಬಹುದು. ಶಾಲೆಗೆ ಆ ರಿಯಾಯಿತಿ ಸಿಕ್ಕೀತು ಎಂದುಕೊಂಡರೂ, ಕ್ರ್ಯಾಕ್ ಎಂಬ ಆ ಸಣ್ಣ ತಂತ್ರಾಂಶವನ್ನು ಬರೆದವರು ಯಾರು, ಅದರೊಳಗೆ ಇನ್ನೇನು ತುಂಬಿದ್ದಾರೆ ಎಂಬುದು ರಿಪೇರಿಯವರಿಗೂ ಗೊತ್ತಿರುವುದಿಲ್ಲ. ಅದನ್ನು ಓಡಿಸಲು ವೈರಸ್ ತಡೆಯುವ ತಂತ್ರಾಂಶವನ್ನು ಮೊದಲು ನಿಲ್ಲಿಸಬೇಕು ಎಂದು ಅವರೇ ಹೇಳುವರು. ಕಳ್ಳ ಬರುವನೆಂದು ನಾಯಿಯನ್ನು ಕಟ್ಟಿಹಾಕುವ ಈ ಕ್ರಮವನ್ನು ನೀವು ಮಕ್ಕಳ ಮುಂದೆ ಹೇಗೆ ಸಮರ್ಥಿಸುತ್ತೀರಿ?

ಹಿಂದೆ ಬೀಳುವ ಭಯವನ್ನು ಬಿಡಿ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲಿಯೇ ಕಲಿಸುತ್ತಿವೆ. ಅಲ್ಲಿನ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ಆವೃತ್ತಿಯನ್ನು ಸಿದ್ಧಪಡಿಸಿ ಕೊಡುತ್ತದೆ. ನಮ್ಮ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಡೆಬಿಯನ್ ಆಧಾರದ ಬಾಸ್ ಎಂಬ ವ್ಯವಸ್ಥೆಯನ್ನು ಭಾರತೀಯ ಭಾಷೆಗಳ ಸೌಲಭ್ಯದೊಡನೆ ಹೊರತಂದಿತು, ಶಾಲೆಗಳಿಗಾಗಿ ಅದರದೇ ಒಂದು ರೂಪವಿದೆ. ಸರ್ಕಾರಿ ಕಚೇರಿಗಳು ತಂತ್ರಾಂಶ ಕೊಳ್ಳುವಾಗ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿ 2015ರಿಂದ ಇದೆ. ಅದು ಎಷ್ಟು ಕಚೇರಿಗಳಲ್ಲಿ ನಡೆಯುತ್ತಿದೆ ಎಂಬುದನ್ನು ಯಾವುದೇ ಕಚೇರಿಯ ಮೇಜಿನ ಮೇಲಿನ ಪರದೆಯನ್ನು ನೋಡಿ ನೀವೇ ಊಹಿಸಬಹುದು.

ಹೊರಗಿನ ಜಗತ್ತು ಎಂದರೆ ಕಚೇರಿಯ ಮೇಜು ಎಂದಾದರೆ ಅಲ್ಲಿ ವಿಂಡೋಸ್ ಹೆಚ್ಚು, ನಿಜ. ಮೇಜಿನ ಆಚೆ ನೋಡಿದರೆ ಚಿತ್ರ ಬೇರೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವ ಪ್ರತಿಯೊಂದೂ ಲಿನಕ್ಸ್‌ನಲ್ಲಿ ಓಡುತ್ತದೆ, ಮತ್ತು ಮಕ್ಕಳ ಮನೆಯವರ ಕೈಯಲ್ಲಿರುವ ಪ್ರತಿ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್ ಕರ್ನಲ್. ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದಲ್ಲಿ ಕೋಷ್ಟಕ ಮಾಡಲು ಕಲಿತ ಹುಡುಗಿಗೆ ಎಕ್ಸೆಲ್ ತೆರೆದುಕೊಟ್ಟರೆ ಅರ್ಧ ದಿನದಲ್ಲಿ ದಾರಿ ಕಂಡುಕೊಳ್ಳುತ್ತಾಳೆ. ನೀವು ವಿಜ್ಞಾನ ಶಿಕ್ಷಕಿಯಾದ್ದರಿಂದ ಸ್ಟೆಲೇರಿಯಂ ಎಂಬ ಮುಕ್ತ ತಂತ್ರಾಂಶವನ್ನು ಮರೆಯದೆ ಹಾಕಿಸಿ. ಗುಬ್ಬಿಯ ಅಕ್ಷಾಂಶ ರೇಖಾಂಶ ಕೊಟ್ಟರೆ ಆ ರಾತ್ರಿ ಊರಿನ ಮೇಲೆ ಯಾವ ನಕ್ಷತ್ರ ಎಲ್ಲಿರುತ್ತದೆಂದು ತರಗತಿಯಲ್ಲಿಯೇ ತೋರಿಸಬಹುದು. ಹತ್ತು ಯಂತ್ರಕ್ಕೂ ಒಂದೇ ಪೆನ್ ಡ್ರೈವ್ ಸಾಕು, ಪರವಾನಗಿಯ ಪ್ರಕಾರ ಅದನ್ನು ಪಕ್ಕದ ಶಾಲೆಗೆ ಕೊಟ್ಟರೂ ತಪ್ಪಿಲ್ಲ.

ಒಂದು ತೊಡಕನ್ನು ಮಾತ್ರ ಹೇಳಲೇಬೇಕು. ಯಂತ್ರ ಕೆಟ್ಟಾಗ ಬರುವ ರಿಪೇರಿಯವರಿಗೆ ಲಿನಕ್ಸ್ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎನ್ನುವ ಬದಲು ಅದನ್ನು ತೆಗೆದು ಮತ್ತೆ ಕ್ರ್ಯಾಕ್ ಹಾಕಿಹೋಗುತ್ತಾರೆ. ಶಿಕ್ಷಕರಲ್ಲಿ ಒಬ್ಬರಾದರೂ ಹಾಕುವುದನ್ನೂ ಸರಿಪಡಿಸುವುದನ್ನೂ ಕಲಿತಿರಬೇಕು.

ಪ್ರಶ್ನೆ: ನಮ್ಮಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ಯಾವ ವ್ಯಾಪಾರಿಯೂ ಪುಕ್ಕಟೆ ಮಾಲು ಕೊಟ್ಟು ಬದುಕಲಾರ. ಲಿನಕ್ಸ್ ಬರೆಯುವವರು ಹೊಟ್ಟೆಗೆ ಏನು ಮಾಡುತ್ತಾರೆ? ಪುಕ್ಕಟೆ ಕೊಟ್ಟದ್ದನ್ನು ನಂಬುವುದು ಹೇಗೆ?
— ರೀಲರ್, ಶಿಡ್ಲಘಟ್ಟ

ಉತ್ತರ: ವ್ಯಾಪಾರಸ್ಥರ ಅನುಮಾನ ನ್ಯಾಯವಾದದ್ದೇ. ಈ ಗೊಂದಲದ ಒಂದು ಪಾಲು ಇಂಗ್ಲಿಷಿನದು. 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಮುಕ್ತ ತಂತ್ರಾಂಶದ ಚಳವಳಿಯನ್ನು ಆರಂಭಿಸಿದಾಗಿನಿಂದಲೂ ‘ಫ್ರೀ’ ಎಂಬ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ ಎಂದು ಅವರು ವಿವರಿಸುತ್ತಲೇ ಬಂದಿದ್ದಾರೆ. ಕನ್ನಡದಲ್ಲಿ ಆ ಕಷ್ಟವಿಲ್ಲ; ಪುಕ್ಕಟೆ ಬೇರೆ, ಮುಕ್ತ ಬೇರೆ. ಮುಕ್ತ ತಂತ್ರಾಂಶವನ್ನು ಹಣಕ್ಕೆ ಮಾರಬಹುದು. ಪುಕ್ಕಟೆ ಸಿಗುವ ಎಷ್ಟೋ ತಂತ್ರಾಂಶಗಳ ಸೋರ್ಸ್ ಕೋಡನ್ನು ಹೊರಗಿನವರು ಕಂಡೇ ಇರುವುದಿಲ್ಲ.

ನಿಮ್ಮ ಕಡೆ ಕೊಳವೆಬಾವಿಯ ನೀರಿಗೆ ಯಾರೂ ದುಡ್ಡು ಕೇಳುವುದಿಲ್ಲ, ಆದರೆ ಮೋಟಾರು ಎತ್ತಿ ರಿಪೇರಿ ಮಾಡುವವರ ಕೂಲಿ ತಪ್ಪಿದ್ದಲ್ಲ. ಲಿನಕ್ಸ್‌ನ ವ್ಯಾಪಾರವೂ ಬಹುಮಟ್ಟಿಗೆ ಆ ಕೂಲಿಯದು. ರೆಡ್ ಹ್ಯಾಟ್ ಎಂಬ ಕಂಪನಿ ಬ್ಯಾಂಕು, ಕಾರ್ಖಾನೆಗಳಿಗೆ ಲಿನಕ್ಸ್ ಜೊತೆಗೆ ವರ್ಷಾವಧಿಯ ಬೆಂಬಲವನ್ನು ಮಾರಿ ಬೆಳೆಯಿತು, 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರಿಗೆ ಕೊಂಡಿತು. ಕರ್ನಲ್‌ಗೆ ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್ ಮುಂತಾದ ಕಂಪನಿಗಳ ಸಂಬಳದಲ್ಲಿರುವವರು. ತಮ್ಮ ಚಿಪ್ಪು ಲಿನಕ್ಸ್‌ನಲ್ಲಿ ಓಡದಿದ್ದರೆ ಸರ್ವರ್, ಅಂದರೆ ಜಾಲದಲ್ಲಿ ಇತರ ಯಂತ್ರಗಳಿಗೆ ಸೇವೆ ಕೊಡುವ ಕಂಪ್ಯೂಟರುಗಳ, ಮಾರುಕಟ್ಟೆಯಲ್ಲಿ ಅದು ಮಾರಾಟವಾಗದು ಎಂಬ ಲೆಕ್ಕ ಇಂಟೆಲ್‌ಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಲಿನಕ್ಸ್ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಮೈಕ್ರೋಸಾಫ್ಟ್ ಸಹ 2016ರಲ್ಲಿ ಹಣ ಕೊಟ್ಟು ಲಿನಕ್ಸ್ ಫೌಂಡೇಷನ್‌ನ ಸದಸ್ಯನಾಯಿತು. ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರೂ ಇದ್ದಾರೆ. ಅವರ ಕಥೆ ಮುಂದಿನ ಉತ್ತರದಲ್ಲಿ ಬರುತ್ತದೆ, ಅದು ಅಷ್ಟು ಸುಖದ ಕಥೆಯಲ್ಲ.

ಪ್ರಶ್ನೆ: ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಕೋಡ್ ಎಲ್ಲರಿಗೂ ಕಾಣುವುದಾದರೆ ಕಳ್ಳನಿಗೂ ಕಾಣುತ್ತದಲ್ಲ ಎಂದು ನನ್ನ ಗೆಳೆಯನ ವಾದ. ಯಾವುದು ಸರಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ನಿಮ್ಮ ಉಪನ್ಯಾಸಕರ ಮಾತು ಪೂರ್ತಿ ಸರಿಯಲ್ಲ. ಸಾಮಾನ್ಯ ಬಳಕೆಯ ಲಿನಕ್ಸ್ ಯಂತ್ರಗಳ ಮೇಲೆ ವೈರಸ್ ದಾಳಿ ಬಹಳ ಕಡಿಮೆ ಎಂಬುದು ಅನುಭವ. ಮೇಜಿನ ಮೇಲಿನ ಲಿನಕ್ಸ್ ಯಂತ್ರಗಳ ಸಂಖ್ಯೆ ಕಡಿಮೆ ಇರುವುದು, ತಂತ್ರಾಂಶಗಳು ಒಂದೇ ನಂಬಿಕೆಯ ಭಂಡಾರದಿಂದ ಇಳಿಯುವುದು, ದೈನಂದಿನ ಬಳಕೆದಾರನಿಗೆ ವ್ಯವಸ್ಥೆಯನ್ನು ತಿದ್ದುವ ಅಧಿಕಾರ ಇಲ್ಲದಿರುವುದು ಇದಕ್ಕೆ ಕಾರಣಗಳು. ಲಿನಕ್ಸ್ ಸರ್ವರ್‌ಗಳ ಮೇಲೆ ದಾಳಿಗಳು ನಡೆಯುತ್ತಲೇ ಇವೆ.

ಗೆಳೆಯನ ವಾದಕ್ಕೆ ಉತ್ತರವಾಗಿ 2024ರ ಒಂದು ಪ್ರಸಂಗವನ್ನು ಹೇಳುತ್ತೇನೆ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಸಣ್ಣ ಮುಕ್ತ ತಂತ್ರಾಂಶ. ಲಿನಕ್ಸ್ ಜಗತ್ತಿನಲ್ಲಿ ಅದಿಲ್ಲದ ಜಾಗವಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಬಿಡುವಿನ ವೇಳೆಯಲ್ಲಿ ದುಡಿಯುತ್ತಿದ್ದ ಒಬ್ಬರೇ ವ್ಯಕ್ತಿ, ಅವರೂ ದಣಿದಿದ್ದರು. ಸುಳ್ಳು ಹೆಸರಿನ ಒಬ್ಬರು ನೆರವಿಗೆಂದು ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಕೆಲಸ ಮಾಡಿ ವಿಶ್ವಾಸ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟರು. ಅದು ಎಲ್ಲ ಕಡೆ ಹರಡಿದ್ದರೆ ಜಗತ್ತಿನ ಅಸಂಖ್ಯ ಸರ್ವರ್‌ಗಳ ಕೀಲಿಕೈ ಅವರ ಕೈಗೆ ಹೋಗುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತನ್ನ ಯಂತ್ರದಲ್ಲಿ ದೂರದಿಂದ ಯಂತ್ರದೊಳಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಎಂಬ ಸಾಧನದ ಮೂಲಕ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ, ಸುಮ್ಮನಾಗದೆ ಬೆನ್ನುಹತ್ತಿ, ಆ ವರ್ಷದ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಅವರು ಮೈಕ್ರೋಸಾಫ್ಟ್‌ನ ಉದ್ಯೋಗಿ ಎಂಬುದು ಈ ಕಥೆಯ ಸ್ವಾರಸ್ಯ. ಕೋಡ್ ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಎಲ್ಲರೂ ನೋಡುತ್ತಾರೆ ಎಂದಲ್ಲ, ಆದರೆ ಅನುಮಾನ ಬಂದವರು ಕೊನೆಯವರೆಗೂ ಅಗೆದು ನೋಡಬಹುದು. ಮುಚ್ಚಿದ ಕೋಡಿನಲ್ಲಿ ಫ್ರಾಯಿಂಡ್ ಅವರಂಥ ಹೊರಗಿನವರು ಅರ್ಧ ಸೆಕೆಂಡಿನ ದೂರನ್ನು ಕಂಪನಿಗೆ ಬರೆದು ಕಾಯಬೇಕಾಗುತ್ತಿತ್ತು.

ವಾಣಿಜ್ಯ ವ್ಯವಸ್ಥೆಯ ಕಡೆಯಿಂದಲೂ ಒಂದನ್ನು ನೋಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳನ್ನು ಹಿಡಿಯಿತು. ಅದು ನುಸುಳಿದ ರಂಧ್ರವನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಏಟು ಬಿದ್ದದ್ದು ಅದನ್ನು ಹಾಕಿಕೊಳ್ಳದವರಿಗೆ ಹಾಗೂ ಬೆಂಬಲ ಮುಗಿದ ಹಳೆಯ ಆವೃತ್ತಿಗಳಲ್ಲೇ ಉಳಿದಿದ್ದವರಿಗೆ. ಅಪ್‌ಡೇಟ್ ಹಾಕಿಕೊಂಡವರಿಗೇ ಏಟು ಬಿದ್ದ ದಿನವೂ ಇದೆ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಿಮ್ಮಿಬ್ಬರ ವಾದ ಮುಗಿಯುವ ಮುನ್ನ ಇಬ್ಬರೂ ನಿಮ್ಮ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೊನೆಯ ಅಪ್‌ಡೇಟ್ ಎಂದು ಆಯಿತು ಎಂಬುದನ್ನು ನೋಡಿಕೊಳ್ಳಿ.

ಪ್ರಶ್ನೆ: ಆಪಲ್ ಕಂಪ್ಯೂಟರಿನ ಮ್ಯಾಕ್ ಓಎಸ್ ಯಾವ ಗುಂಪಿಗೆ ಸೇರುತ್ತದೆ?
— ಪದವಿ ವಿದ್ಯಾರ್ಥಿನಿ, ಕೋಲಾರ

ಉತ್ತರ: ಅದರ ಬುಡದಲ್ಲಿರುವ ಡಾರ್ವಿನ್ ಎಂಬ, ಯೂನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಮಾದರಿಯ ಭಾಗದ ಕೋಡನ್ನು ಆಪಲ್ ಪ್ರಕಟಿಸುತ್ತದೆ, ಕಣ್ಣಿಗೆ ಕಾಣುವ ಉಳಿದದ್ದೆಲ್ಲ ಮುಚ್ಚಿದ್ದು, ಮತ್ತು ಅದನ್ನು ಆಪಲ್ ಯಂತ್ರಗಳಲ್ಲಿ ಮಾತ್ರ ಬಳಸಬೇಕೆಂದು ಪರವಾನಗಿ ಹೇಳುತ್ತದೆ. ಆದ್ದರಿಂದ ವಾಣಿಜ್ಯ ಗುಂಪೇ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇದ್ದರೆ, ಇಂಟೆಲ್ ಪ್ರೊಸೆಸರ್ ಇರುವ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆಯದು ಎಂದು ಕಂಪನಿ ಹೇಳಿರುವುದನ್ನು ನೆನಪಿನಲ್ಲಿಡಿ.

ಪ್ರಶ್ನೆ: ನಾನು ಕಚೇರಿಯಲ್ಲಿ ಬೆರಳಚ್ಚುಗಾರನಾಗಿದ್ದು ನಿವೃತ್ತನಾದವನು. ಇಪ್ಪತ್ತು ವರ್ಷ ನುಡಿಯಲ್ಲೇ ಟೈಪ್ ಮಾಡಿದ್ದೇನೆ. ಮಗ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ ಮೇಲೆ ನನ್ನ ಹಳೆಯ ಕಡತಗಳು ವಿಚಿತ್ರವಾಗಿ ಕಾಣುತ್ತಿವೆ. ಇದರಲ್ಲಿ ಕನ್ನಡವೇ ಇಲ್ಲವೇ?
— ನಿವೃತ್ತ ನೌಕರರು, ತುಮಕೂರು

ಉತ್ತರ: ಕನ್ನಡ ಖಂಡಿತ ಇದೆ. ನೀವು ಕಾಣುತ್ತಿರುವುದು ಬಹುಶಃ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೀಟು, ಚುಕ್ಕೆ, ಟೊಪ್ಪಿಗೆಗಳು ಕುಳಿತ ಅರ್ಥವಿಲ್ಲದ ಸಾಲುಗಳು. ಹಳೆಯ ನುಡಿ ಕಡತದೊಳಗೆ ಇರುವುದೇ ಅವು. ನುಡಿಯ ಹಳೆಯ ಫಾಂಟುಗಳು ಆ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ತುಂಡುಗಳನ್ನು ಬರೆದ ಮುಖವಾಡಗಳು. ಫಾಂಟು ಇಲ್ಲದ ಯಂತ್ರದಲ್ಲಿ, ಅದು ವಿಂಡೋಸ್ ಆಗಿದ್ದರೂ, ಮುಖವಾಡ ಕಳಚಿ ಒಳಗಿನದು ಕಾಣುತ್ತದೆ. ಆ ಫಾಂಟು ಕಡತಗಳನ್ನು ನಿಮ್ಮ ಹಳೆಯ ಯಂತ್ರದಿಂದ ತಂದು ಲಿನಕ್ಸ್‌ನಲ್ಲಿ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಓದಬಹುದು, ಮುದ್ರಿಸಬಹುದು, ಪುಟಗಳ ಅಂಚು ಅಲ್ಲಲ್ಲಿ ಜರುಗಬಹುದಷ್ಟೆ. ಬಹುಕಾಲ ಇಡಬೇಕಾದ ಕಡತಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಕೊಳ್ಳಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾಡಿಸಿ ತಿದ್ದುವುದು ಒಳ್ಳೆಯದು, ತಪ್ಪು ನುಸುಳುವುದು ಅಲ್ಲಿಯೇ.

ಫಾಂಟುಗಳ ಮಾತು ಬಂದಾಗ ಒಂದು ಸ್ವಾರಸ್ಯ ಹೇಳಬೇಕು. ಡೆಬಿಯನ್ ಮತ್ತು ಉಬುಂಟುವಿನ ಭಂಡಾರದಲ್ಲಿ ಗುಬ್ಬಿ ಎಂಬ ಹೆಸರಿನ ಮುಕ್ತ ಕನ್ನಡ ಫಾಂಟೊಂದಿದೆ. ನಮ್ಮ ಜಿಲ್ಲೆಯವರು ಎದೆಯುಬ್ಬಿಸಿಕೊಳ್ಳಬಹುದಿತ್ತು, ಆದರೆ ಅದರ ಜೊತೆಗೆ ನವಿಲು ಎಂಬ ಕೈಬರಹದ ಫಾಂಟೂ ಇರುವುದರಿಂದ ಇದು ಹಕ್ಕಿ ಗುಬ್ಬಿಯೇ ಹೊರತು ಗುಬ್ಬಿ ವೀರಣ್ಣನವರ ಊರಲ್ಲ ಎಂದು ಒಲ್ಲದ ಮನಸ್ಸಿನಿಂದ ಒಪ್ಪಬೇಕಾಗುತ್ತದೆ. ಪರದೆಯ ಮೇಲಿನ ಮೆನುಗಳನ್ನೂ ಕನ್ನಡಕ್ಕೆ ಬದಲಾಯಿಸಬಹುದು. ಅನುವಾದ ಅಪೂರ್ಣವಾಗಿರುವ ಕಡೆ ಅದು ಇಂಗ್ಲಿಷಿಗೆ ಜಾರುತ್ತದೆ.

ನಿಮ್ಮ ಬೆರಳಿನ ಅಭ್ಯಾಸದ ಬಗೆಗೆ ಚಿಂತೆ ಬೇಡ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು, ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ ಕಗಪ ಎಂದು ಕರೆಸಿಕೊಳ್ಳುತ್ತದೆ. ಅದೇ ವಿನ್ಯಾಸ ಲಿನಕ್ಸ್‌ನೊಳಗೆ ಮೊದಲೇ ಇದೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್ ತೆರೆದು, ಹೊಸ ವಿನ್ಯಾಸ ಸೇರಿಸುವ ಗುಂಡಿ ಒತ್ತಿ, ಪಟ್ಟಿಯಲ್ಲಿ ಕನ್ನಡ ಕಗಪ ಎಂಬುದನ್ನು ಆರಿಸಿ. ನಂತರ ಒಂದು ಖಾಲಿ ಪುಟ ತೆರೆದು ಕೆ, ಎನ್, ಎಫ್, ಎನ್, ಡಬ್ಲ್ಯು ಈ ಐದು ಕೀಲಿಗಳನ್ನು ನೀವು ಎಂದಿನಿಂದಲೂ ಒತ್ತುತ್ತಿದ್ದ ಕ್ರಮದಲ್ಲೇ ಒತ್ತಿ ನೋಡಿ: ಪರದೆಯ ಮೇಲೆ ‘ಕನ್ನಡ’ ಎಂದೇ ಮೂಡುತ್ತದೆ.